ಮಸ್ಕಿಯ ಬಂಡೆ, ದಾವೀದನ ಮನೆತನ

ಬೈಬಲ್ಲು ಇತಿಹಾಸವೋ ಕಟ್ಟುಕಥೆಯೋ ಎಂದು ಬಳ್ಳಾರಿಯ ಚಹಾದಂಗಡಿಯಲ್ಲಿ ಗೆಳೆಯನೊಡನೆ ಶುರುವಾದ ವಾದ, ಲೋಟದ ಚಹಾ ಆರಿ ಕೆನೆಗಟ್ಟಿದರೂ ಮುಗಿದಿರಲಿಲ್ಲ. ನಾನು ಮಸ್ಕಿಯನ್ನು ನೆನಪಿಸಿದೆ: 1915ರಲ್ಲಿ ಅಲ್ಲಿನ ಬಂಡೆಯ ಮೇಲೆ ‘ಅಸೋಕ’ ಎಂಬ ಹೆಸರೇ ಸಿಕ್ಕಿದ್ದರಿಂದ ಬೇರೆ ಶಾಸನಗಳಲ್ಲಿ ಬರುವ ‘ದೇವಾನಾಂಪ್ರಿಯ’ನು ಯಾರೆಂಬುದು ಖಚಿತವಾಯಿತು, ಹಾಗೆಯೇ ಇಸ್ರೇಲಿನ ತೆಲ್ ದಾನ್‌ನಲ್ಲಿ 1993ರಲ್ಲಿ ದೊರೆತ ಶಾಸನದ ತುಣುಕಿನಲ್ಲಿ ಬಹುಪಾಲು ವಿದ್ವಾಂಸರು ‘ದಾವೀದನ ಮನೆತನ’ ಎಂದು ಓದುತ್ತಾರೆ. ಆದರೆ ಬೈಬಲ್ಲು ಹೇಳುವ ಅರಸ ದಾವೀದನಿದ್ದನೆಂದ ಮಾತ್ರಕ್ಕೆ ಅವನು ದೈತ್ಯ ಗೊಲ್ಯಾತನನ್ನು ಕೊಂದ ಕಥೆ ರುಜುವಾಗದು. ಯೇಸು ಹುಟ್ಟಿದ್ದು ಯೂದಾಯದ ಅರಸ ಹೆರೋದನ ಕಾಲದಲ್ಲಿ ಎನ್ನುತ್ತಾನೆ ಸುವಾರ್ತೆ ಬರೆದ ಮತ್ತಾಯ. ಅದೇ ಹುಟ್ಟಿನ ಸಮಯಕ್ಕೆ ಇನ್ನೊಬ್ಬ ಸುವಾರ್ತೆಕಾರ ಲೂಕನು ಹೆಸರಿಸುವ, ರೋಮನ್ ಅಧಿಪತಿ ಕುರೇನ್ಯನ ಜನಗಣತಿಯೋ ಕ್ರಿ.ಶ. 6ರದು, ಅಷ್ಟರಲ್ಲಿ ಹೆರೋದನು ತೀರಿಕೊಂಡು ಸುಮಾರು ಹತ್ತು ವರ್ಷವಾಗಿತ್ತು. ಈ ಗಂಟು ನನಗಂತೂ ಬಿಚ್ಚಲಿಲ್ಲ (ಗೆಳೆಯನಿಗೂ). ಬೈಬಲ್ಲಿನ ಪ್ರಭಾವದ ಬಗ್ಗೆ ಮಾತ್ರ ಇಬ್ಬರಿಗೂ ತಕರಾರಿರಲಿಲ್ಲ: ಇದೇ ಬಳ್ಳಾರಿಯಲ್ಲಿ ನೆಲೆಸಿದ್ದ ಮಿಷನರಿ ಜಾನ್ ಹ್ಯಾಂಡ್ಸ್ ಅವರ ಶ್ರಮದಿಂದ 1831ರ ಹೊತ್ತಿಗೆ ಇಡೀ ಬೈಬಲ್ಲು ಕನ್ನಡದಲ್ಲಿ ಅಚ್ಚಾಗಿತ್ತು.