ಎಣ್ಣೆ ಡಬ್ಬಿಯೂ ಹತ್ತೊಂಬತ್ತನೇ ಗೇಟೂ

2024ರ ಆಗಸ್ಟ್ 12, ಸೋಮವಾರ. ಸ್ವಾತಂತ್ರ್ಯೋತ್ಸವದ ಕವಾಯತು ಮುಗಿಸಿ ಎಂಟನೇ ತರಗತಿಗೆ ಹೋದರೆ ಒಬ್ಬರೂ ಪುಸ್ತಕ ತೆಗೆದಿರಲಿಲ್ಲ. ಶನಿವಾರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟು (ಅಣೆಕಟ್ಟೆಯ ತಲೆಯ ಮೇಲಿನ ಗೇಟು), ಚೈನ್ ತುಂಡಾಗಿ ಕೊಚ್ಚಿಹೋಗಿತ್ತು. ಗಂಗಾವತಿ ಕಡೆಯ ನಮ್ಮೂರು ಬದುಕುವುದೇ ಎಡದಂಡೆ ಕಾಲುವೆಯ ಭತ್ತದ ಮೇಲೆ. ಮನೆಮನೆಯಲ್ಲೂ ಅದೇ ಮಾತು.

“ಸರ, ಒಂದ್ ಗೇಟ್ನಾಗ ನೀರು ಹೊಂಟಿದ್ದ ಸಾಲ್ದಂತ ಉಳಿದವ್ನೂ ಯಾಕ ಎತ್ಯಾರ್ರಿ?” ಹಿಂದಿನ ಸಾಲಿನ ಹುಡುಗಿ ಕೇಳಿದಳು. ಟಿವಿ ಮುಂದೆ ಕೂತು ಅವರಪ್ಪ ಬೈದದ್ದೂ ಇದನ್ನೇ ಅಂತೆ.

ಅಂದು ಹೇಳಬೇಕಿದ್ದದ್ದು ಸೂಕ್ಷ್ಮಜೀವಿಗಳ ಪಾಠ. ‘ಬಲ ಮತ್ತು ಒತ್ತಡ’ ಇನ್ನೂ ದೂರವಿತ್ತು. ಇರಲಿ, ಊರಿಗೆ ಊರೇ ಒತ್ತಡದ ಬಗ್ಗೆ ಮಾತಾಡುವಾಗ ಪಾಠಯೋಜನೆ ವಹಿಯನ್ನು ಯಾರು ಕೇಳುತ್ತಾರೆ!

ಬಿಸಿಯೂಟದ ಕೋಣೆಯಿಂದ ಖಾಲಿ ಎಣ್ಣೆ ಡಬ್ಬಿ ತರಿಸಿ, ಮೊಳೆಯಿಂದ ಒಂದರ ಕೆಳಗೊಂದು ಮೂರು ತೂತು ಹೊಡೆದು, ಕಟ್ಟೆಯ ಅಂಚಿಗಿಟ್ಟು ನೀರು ತುಂಬಿದೆವು. ಮೇಲಿನ ತೂತಿನ ನೀರು ಹತ್ತಿರದಲ್ಲೇ ಬಿತ್ತು. ಕೆಳಗಿನದು ಚಿಮ್ಮಿ, ಮುಂದೆ ನಿಂತಿದ್ದವನ ಅಂಗಿ ತೋಯಿಸಿತು. ನೀರು ಇಳಿದಂತೆ ಮೂರೂ ಧಾರೆಗಳು ಸೊರಗಿದವು. ಒತ್ತಡ ಏರುವುದು ಆಳದಿಂದ, ಕೆರೆ ಎಷ್ಟು ಅಗಲ ಅನ್ನುವುದರಿಂದಲ್ಲ. ಇದನ್ನು ಮಾತ್ರ ಅವರು ಸುಲಭಕ್ಕೆ ಒಪ್ಪಲಿಲ್ಲ. ದೊಡ್ಡವರೂ ಒಪ್ಪುವುದಿಲ್ಲ.

ಬೋರ್ಡಿನ ಮೇಲೆ ಡ್ಯಾಮ್ ಬರೆದೆ. ಒಟ್ಟು 33 ಗೇಟುಗಳು, ಒಂದೊಂದೂ 60 ಅಡಿ ಅಗಲ, 20 ಅಡಿ ಎತ್ತರ, ಗೋಡೆಯ ತಲೆಯ ಮೇಲೆ ಕೂತಿವೆ. ಜಲಾಶಯ ತುಂಬುವುದು ಸಮುದ್ರಮಟ್ಟದಿಂದ 1633 ಅಡಿಗೆ. ಎಲ್ಲ ಗೇಟು ಎತ್ತಿ ಮಟ್ಟ ಇಳಿಸಿದರೆ ಉಳಿದ ಗೇಟುಗಳ ಮೇಲಿನ ಒತ್ತಡ ತಗ್ಗುತ್ತದೆ, ಖಾಲಿ ಬಾಯಿಯ ಹತ್ತಿರ ಕೆಲಸವೂ ಸಾಧ್ಯವಾಗುತ್ತದೆ. ಹುಡುಗಿ ತಲೆಯಾಡಿಸಿದಳು, ಆದರೆ ಮುಖ ಅರಳಲಿಲ್ಲ. ಹೋಗುವ ನೀರು ಅವರ ಗದ್ದೆಯದು ತಾನೆ.

“ಹರಿಯೂ ನೀರಾಗ ಹೊಸ ಗೇಟ್ ಹೆಂಗ ಕೂಡಸ್ತಾರ?” ಅಂದೆ. ಎಂದೂ ಬಾಯಿಬಿಡದ ಒಬ್ಬ ಹುಡುಗ ಎದ್ದ. “ನಮ್ಮ ಹೊಲದಾಗ ಒಡ್ಡು ಒಡದ್ರ ಒಮ್ಮೆಲೆ ಮುಚ್ಚಾಕ ಬರಂಗಿಲ್ರಿ. ಉಸುಕಿನ ಚೀಲ ಒಂದೊಂದ ಇಡ್ತೀವ್ರಿ.” ಇಡೀ ತರಗತಿ ನಕ್ಕಿತು. ನಾನು ನಗಲಿಲ್ಲ, ಹೌದೆನ್ನುವ ಧೈರ್ಯವೂ ಬರಲಿಲ್ಲ.

ಆಗಸ್ಟ್ 16ರ ಸಂಜೆ ಡ್ಯಾಮ್ ಗೇಟುಗಳ ಪರಿಣತ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಸ್ಟಾಪ್‌ಲಾಗ್‌ನ, ಅಂದರೆ ಗೇಟಿನ ಬದಲು ತುಂಡುತುಂಡಾಗಿ ಇಳಿಸುವ ತಡೆಯ, ಮೊದಲ ತುಂಡು ಹರಿವ ನೀರಿನಲ್ಲೇ ಕೂತಿತು. ಮರುದಿನ ಉಳಿದವೂ ಇಳಿದವು. ಒಂದರ ಮೇಲೊಂದು ಐದು ತುಂಡು, ಪ್ರತಿಯೊಂದೂ ನಾಲ್ಕು ಅಡಿ ಎತ್ತರ.

ಸೋಮವಾರ ಆ ಹುಡುಗ ಮೊದಲ ಸಾಲಿಗೆ ಬಂದು ಕೂತಿದ್ದ. ಹೊಗಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವನದೇ ಪ್ರಶ್ನೆ ಬಂತು: “ಸರ, ಅಷ್ಟ್ ತೂಕದ ಹಳೇ ಗೇಟನ್ನ ನೀರು ಹೆಂಗ ಎಳ್ಕೊಂಡ್ ಹೋತ್ರಿ? ಕಬ್ಬಣ ಮುಳುಗ್ತತಲ್ರಿ?”

ಸೂಕ್ಷ್ಮಜೀವಿಗಳು ಇನ್ನೊಂದು ವಾರ ಕಾಯಬೇಕಾಯಿತು.