ಫೋಟೋದ ಕೆಳಗಿನ ಸಾಲು

ಕೊಪ್ಪಳದ ಗಡಿಯಾರ ಕಂಬದಿಂದ ಸ್ವಲ್ಪ ಮುಂದೆ ಬಂದರೆ ನನ್ನ ಫ್ಲೆಕ್ಸ್ ಅಂಗಡಿ. ಪ್ಲಾಸ್ಟಿಕ್ ಫ್ಲೆಕ್ಸ್ ಬಂದ್ ಆಗಿದೆಯಲ್ಲ ಅಂತ ಕೇಳಬೇಡಿ, ಬಟ್ಟೆ ಮೇಲೂ ಹೊಡೀತೀವಿ. ಅದಕ್ಕೂ ಮೊದಲು ನಾನು ಗೋಡೆ ಬರೆಯುವವನು. ಕುಂಚ ಹಿಡಿದ ಮೊದಲ ಚುನಾವಣೆ 1994ರ ವಿಧಾನಸಭೆಯದು. ಆಗ ಕೊಪ್ಪಳ ಇನ್ನೂ ರಾಯಚೂರು ಜಿಲ್ಲೆಯೊಳಗಿನ ತಾಲ್ಲೂಕು.

ಉಸ್ತಾದರು ನನ್ನ ಕೈಯಲ್ಲಿ ಬರೆಸಿದ ಮೊದಲ ಹೆಸರು 'ಕರಡಿ ಸಂಗಣ್ಣ'. ಕಲಿಯುವವನಿಗೆ ಹೇಳಿ ಮಾಡಿಸಿದ ಹೆಸರು. ಕ, ರ, ಡಿ, ಯಾವುದಕ್ಕೂ ಒತ್ತಿಲ್ಲ. ಕೊನೆಯ ಣ್ಣ ಬರುವ ಹೊತ್ತಿಗೆ ಮಾತ್ರ ಕೈ ನಡುಗುತ್ತಿತ್ತು. ಸುಣ್ಣ ಬಳಿದ ಗೋಡೆ ಹಸಿ ಇದ್ದರೆ ಬಣ್ಣ ಇಳಿದು ಆ ಒತ್ತು ಮೀಸೆಯ ಹಾಗೆ ಜೋಲುತ್ತಿತ್ತು. ಓಣಿಯ ಹುಡುಗರು ಹೆಸರಿನ ಪಕ್ಕ ಇದ್ದಿಲಿನಿಂದ ನಿಜವಾದ ಕರಡಿಯ ಚಿತ್ರವನ್ನೇ ಬರೆದು ಓಡುತ್ತಿದ್ದರು. ಆ ಸಲ ಸಂಗಣ್ಣನವರು ಪಕ್ಷೇತರರಾಗಿ ನಿಂತು ಗೆದ್ದು ಕೊಪ್ಪಳದ ಶಾಸಕರಾದರು.

ಅಲ್ಲಿಂದ ಮೂವತ್ತು ವರ್ಷ ನಾನು ಆ ಹೆಸರನ್ನು ಬಿಟ್ಟಿಲ್ಲ. ಹೆಸರು ಅದೇ. ಬದಲಾಗುತ್ತಾ ಹೋದದ್ದು ಪಕ್ಕದ ಚಿಹ್ನೆ, ಕೆಳಗಿನ ಸಾಲು. 1999ರಲ್ಲಿ ಜೆಡಿಯು, 2008ರಲ್ಲಿ ಜೆಡಿಎಸ್. ಆಮೇಲೆ ರಾಜೀನಾಮೆ ಕೊಟ್ಟು 2011ರ ಉಪಚುನಾವಣೆಯಲ್ಲಿ ಬಿಜೆಪಿ. ನಾಲ್ಕೂ ಸಲ ಕೊಪ್ಪಳದಿಂದಲೇ ಗೆಲುವು. ನಡುವೆ ಸೋಲೂ ಇತ್ತು. ಜನ 'ಪಕ್ಷಾಂತರಿ' ಅಂತ ಬೈಯುವಾಗ ನಾನು ತಲೆ ಹಾಕುವುದಿಲ್ಲ. ನನ್ನ ಕೈಯಲ್ಲಿ ಎಲ್ಲ ಪಕ್ಷದ ಬಣ್ಣವೂ ಹತ್ತಿದೆ, ನಾನು ಯಾವ ಬಾಯಲ್ಲಿ ಮಾತಾಡಲಿ?

2013ರಲ್ಲಿ ಕಾಂಗ್ರೆಸ್ಸಿನ ರಾಘವೇಂದ್ರ ಹಿಟ್ನಾಳರ ಎದುರು ಸೋತರು. ನಮ್ಮ ಅಂಗಡಿಯಲ್ಲಿ ಕೂತವರೆಲ್ಲ 'ಮುಗೀತ್ ಬಿಡ್ರಿ ಇವರದು' ಅಂದರು. ಒಂದೇ ವರ್ಷ. 2014ರಲ್ಲಿ ರಾಘವೇಂದ್ರರ ತಂದೆ ಬಸವರಾಜ ಹಿಟ್ನಾಳರನ್ನು ಸೋಲಿಸಿ ದಿಲ್ಲಿಗೆ ಹೋದರು. ವಿಧಾನಸೌಧಕ್ಕೆ ಬೇಡ ಅಂದ ಜನವೇ ಸಂಸತ್ತಿಗೆ ಕಳಿಸಿದ್ದು. ಅವತ್ತು ಕಂಪ್ಯೂಟರಿನಲ್ಲಿ ನಾನೇ 'ಮಾಜಿ ಶಾಸಕರು' ಅಳಿಸಿ 'ಸಂಸದರು' ಅಂತ ಹೊಡೆದೆ. ಸಾಲಿನಲ್ಲಿ ಜಾಗ ಉಳಿಯಿತು, ಅಕ್ಷರ ದೊಡ್ಡದು ಮಾಡಿದೆ.

ಎಮ್ಮೆಲ್ಲೆ ಎಂಪಿ ಆದರೆ ಏನು ಬದಲಾಗುತ್ತದೆ ಅಂತ ನನಗೆ ತಿಳಿದದ್ದು ಆರ್ಡರ್ ಬರುವ ಊರುಗಳಿಂದ. ಮೊದಲೆಲ್ಲ ಭಾಗ್ಯನಗರ, ಗಿಣಿಗೇರಿ, ಹೆಚ್ಚೆಂದರೆ ಮುನಿರಾಬಾದ್. ಆಮೇಲೆ ಸಿಂಧನೂರು, ಮಸ್ಕಿ, ಸಿರುಗುಪ್ಪದಿಂದ ಫೋನು. ಕೊಪ್ಪಳ ಲೋಕಸಭೆ ಅಂದರೆ ಎಂಟು ಕ್ಷೇತ್ರ: ನಮ್ಮ ಜಿಲ್ಲೆಯ ಐದು, ರಾಯಚೂರಿನ ಎರಡು, ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ಒಂದು. ಎಂಪಿಗೆ ವರ್ಷಕ್ಕೆ ಸಿಗುವ ಪ್ರದೇಶಾಭಿವೃದ್ಧಿ ನಿಧಿ 5 ಕೋಟಿ. ಎಂಟರಿಂದ ಭಾಗಿಸಿ, ಒಂದು ಕ್ಷೇತ್ರಕ್ಕೆ 62 ಲಕ್ಷ ಚಿಲ್ಲರೆ. ಕೊರೋನಾ ಬಂದಾಗ ಅದನ್ನೂ ನಿಲ್ಲಿಸಿದ್ದರು. ಆದರೆ ಜನ ಕೇಳುವುದು ಎಮ್ಮೆಲ್ಲೆ ಹತ್ತಿರ ಕೇಳುವುದನ್ನೇ. ಬೋರು ಹಾಕಿಸಿ, ಕರೆಂಟಿನ ಟ್ರಾನ್ಸ್‌ಫಾರ್ಮರ್ ಸುಟ್ಟಿದೆ, ಮಗಳನ್ನು ಈ ಕಡೆ ವರ್ಗ ಮಾಡಿಸಿ. ಸಿರುಗುಪ್ಪ ಕಡೆಯ ಒಬ್ಬ ಭತ್ತದ ರೈತ ಬಿಲ್ ಕೊಡಲು ಬಂದವನು ನನ್ನೆದುರೇ ಅಂದ: 'ಎಮ್ಮೆಲ್ಲೆ ಅಂದ್ರ ಮನಿ ಬಾವಿ ಇದ್ಧಂಗ್ರೀ, ಬಗ್ಗಿದ್ರ ಸಿಗ್ತಾನ. ಎಂಪಿ ಅಂದ್ರ ಬಲದಂಡಿ ಕಾಲುವಿ, ನಮ್ಮ ಹೊಲಕ್ಕ ನೀರು ಬಂದಾಗ ಬಂತು.' ತುಂಗಭದ್ರೆಯ ಕಾಲುವೆಯ ಕೊನೆಯಲ್ಲಿ ಕೂತವನ ಮಾತು, ತೂಕ ಇತ್ತು.

ನಾನು ಬಸ್ ನಿಲ್ದಾಣದ ಶೆಲ್ಟರುಗಳ ಮೇಲೆ 'ಸಂಸದರ ನಿಧಿಯಿಂದ' ಅಂತ ಬರೆದು ಹೊಟ್ಟೆ ಹೊರೆದವನು, ಆದರೂ ಹೇಳುತ್ತೇನೆ: ಎಂಪಿಯನ್ನು ಶೆಲ್ಟರು, ಹೈಮಾಸ್ಟ್ ದೀಪದ ಲೆಕ್ಕದಲ್ಲಿ ಅಳೆಯಬಾರದು. ಅಳೆಯುವುದಾದರೆ ರೈಲಿನಿಂದ ಅಳೆಯಬೇಕು. ಗಿಣಿಗೇರಿಯಿಂದ ಮಹಬೂಬನಗರಕ್ಕೆ ಹಳಿ ಅಂತ ನಾನು ಹುಡುಗನಾಗಿದ್ದಾಗಿನಿಂದ ಕೇಳುತ್ತಾ ಬಂದವನು. ಗಂಗಾವತಿ, ಕಾರಟಗಿಗೆ ರೈಲು ಬಂದದ್ದು ಕರಡಿಯವರು ಎಂಪಿ ಆಗಿದ್ದಾಗ. 2019ರಲ್ಲಿ ಅವರು ಮತ್ತೆ ಗೆದ್ದರು, ಈ ಸಲ ಹಿಟ್ನಾಳರ ಮನೆಯ ಇನ್ನೊಬ್ಬ ಮಗ ರಾಜಶೇಖರರ ಎದುರು. ಮಾರ್ಚ್ 2024ರಲ್ಲಿ ರೈಲು ಸಿಂಧನೂರು ಮುಟ್ಟಿತು. ಅದೇ ತಿಂಗಳು ಅವರ ಟಿಕೆಟ್ ತಪ್ಪಿತು. ಬಿಜೆಪಿ ಡಾ. ಬಸವರಾಜ ಕ್ಯಾವಟರ್ ಅವರನ್ನು ನಿಲ್ಲಿಸಿತು.

ಆ ವಾರ ನೀತಿ ಸಂಹಿತೆ ಜಾರಿಯಾಗಿ, ಹೆಸರಿದ್ದ ಕಡೆಯೆಲ್ಲ ಕಾಗದ ಅಂಟಿಸುವ ಕೆಲಸ ಬಂತು. ನಾನೇ ಬರೆದ ಹೆಸರಿನ ಮೇಲೆ ನಾನೇ ಮೈದಾ ಅಂಟು ಬಳಿದೆ. ಅಲ್ಲೇ ನಿಂತಿದ್ದ ಕಾಲೇಜು ಹುಡುಗ 'ಅಂಕಲ್, ಇದನ್ನ ತಿರುಗಿ ಕೀಳೋದು ಬ್ಯಾಡ ಬಿಡ್ರಿ' ಅಂತ ನಕ್ಕ. ನಗು ಬರಲಿಲ್ಲ.

ಏಪ್ರಿಲ್‌ನಲ್ಲಿ ಕರಡಿಯವರು ಕಾಂಗ್ರೆಸ್ ಸೇರಿದರು. ಅಲ್ಲಿ ಅಭ್ಯರ್ಥಿ ಯಾರು? ಅದೇ ರಾಜಶೇಖರ ಹಿಟ್ನಾಳ. ತಂದೆಯನ್ನು ಸೋಲಿಸಿದ್ದರು, ಮಗನನ್ನು ಸೋಲಿಸಿದ್ದರು, ಇನ್ನೊಬ್ಬ ಮಗನ ಎದುರು ತಾವು ಸೋತಿದ್ದರು. 2018ರಲ್ಲಿ ಕರಡಿಯವರ ಮಗ, 2023ರಲ್ಲಿ ಸೊಸೆ, ಇಬ್ಬರೂ ಅದೇ ರಾಘವೇಂದ್ರರ ಎದುರು ಸೋತಿದ್ದರು. ಹತ್ತು ವರ್ಷದಿಂದ ನಮ್ಮ ಅಂಗಡಿಯಲ್ಲಿ ಈ ಎರಡು ಮನೆಯ ಫೈಲುಗಳಿಗೆ ಬೇರೆ ಬೇರೆ ಫೋಲ್ಡರು. ಹುಡುಗರು ಗಡಿಬಿಡಿಯಲ್ಲಿ ಅದಲು ಬದಲು ಮಾಡಿಯಾರು ಅಂತ ಹೆದರಿಕೆ. ಆ ಏಪ್ರಿಲ್‌ನಲ್ಲಿ ಎರಡನ್ನೂ ಒಟ್ಟಿಗೆ ತೆರೆದು ಒಂದೇ ಬ್ಯಾನರಿಗೆ ಎಳೆದೆ. ಹಿಟ್ನಾಳರು ಗೆದ್ದರು.

ಪಕ್ಕದ ಬಳ್ಳಾರಿಯಲ್ಲಿ ಅದೇ ಚುನಾವಣೆ ಬೇರೆ ತರಹ. ಸಂಡೂರಿನ ಇ. ತುಕಾರಾಂ ಶಾಸಕರಾಗಿದ್ದಾಗಲೇ ಗೆದ್ದು ಸಂಸದರಾದರು. ಎರಡು ಸದನದಲ್ಲಿ ಕೂರುವಂತಿಲ್ಲ, ಹದಿನಾಲ್ಕು ದಿನದೊಳಗೆ ಶಾಸಕ ಸ್ಥಾನ ಬಿಡಲೇಬೇಕು. ಬಿಟ್ಟರು, ನವೆಂಬರಿನ ಉಪಚುನಾವಣೆಯಲ್ಲಿ ಪತ್ನಿ ಅನ್ನಪೂರ್ಣ ಗೆದ್ದರು. ಅಲ್ಲಿ ಕೆಳಗಿನ ಸಾಲು ಮನೆಯೊಳಗೇ ಉಳಿಯಿತು.

ಮೇ 2025ರಲ್ಲಿ ಕುಷ್ಟಗಿಗೆ ಮೊದಲ ರೈಲು. ಅದು ಗದಗ–ವಾಡಿ ಹಳಿಯ ತಳಕಲ್ಲಿನಿಂದ ಈಚೆಯ ತುಂಡು. ಆ ಹಳಿ ಅಂದರೆ ಯಲಬುರ್ಗಾ ಸೀಮೆಯವರು ಬಸವರಾಜ ರಾಯರಡ್ಡಿ ಅನ್ನುತ್ತಾರೆ. ಅವರೂ ಶಾಸಕರಾಗಿ, 1996ರಲ್ಲಿ ಸಂಸದರಾಗಿ, ಮತ್ತೆ ಶಾಸಕರಾದವರೇ. ಹಿಂದಿನ ದಿನ ಒಬ್ಬ ಹಿರಿಯರು ಸ್ವಾಗತದ ಬ್ಯಾನರಿಗೆ ಬಂದರು. ಪೆನ್ನಿನಲ್ಲಿ ಬರೆದ ಪಟ್ಟಿ: ಸಚಿವ ಸೋಮಣ್ಣ, ಹಿಟ್ನಾಳ, ರಾಯರಡ್ಡಿ, ಕುಷ್ಟಗಿ ಶಾಸಕರು. ಹಣ ಎಣಿಸಿ ಕೊಟ್ಟು ಹೊಸ್ತಿಲು ದಾಟಿದವರು ತಿರುಗಿ ಬಂದು, 'ಕರಡಿ ಸಂಗಣ್ಣಾರ್ದೂ ಒಂದು ಹಾಕಪಾ, ಸಣ್ಣದರೆ ಆಗಲಿ' ಅಂದರು.

ನನ್ನ ಹತ್ತಿರ ಇದ್ದ ಒಳ್ಳೆಯ ಫೋಟೋ ಕೇಸರಿ ಶಾಲಿನದು. ಇನ್ನೊಂದು ಕಾಂಗ್ರೆಸ್ ಶಾಲಿನದು, ಮಸಕು. 'ಯಾವುದ್ರೀ?' ಅಂದೆ. 'ಎರಡೂ ಬ್ಯಾಡ. ಬಿಳೇದು ಮಾಡು.'

ಕೇಸರಿಯದನ್ನೇ ತೆಗೆದುಕೊಂಡು, ಮಡಿಕೆ ಮಡಿಕೆಯ ಬಣ್ಣ ತೆಗೆದು, ನೆರಳು ಮಾತ್ರ ಉಳಿಸಿ ಬಿಳಿ ಮಾಡಿದೆ. ಇಪ್ಪತ್ತು ನಿಮಿಷ ಹಿಡಿಯಿತು. ಕೆಳಗೆ 'ಮಾಜಿ ಸಂಸದರು' ಅಂತ ಬರೆದೆ. ಹೆಚ್ಚಿನ ರೊಕ್ಕ ಹಿಡಿಯಲಿಲ್ಲ.