ಗೌರಿಯ ಹೆಸರಿಗೆ ಒಂದು ಅರ್ಚನೆ

ಘಾಟಿ ಸುಬ್ರಹ್ಮಣ್ಯಸ್ವಾಮಿಗೆ ಕಟ್ಟಿಕೊಂಡಿದ್ದ ಹರಕೆ ತೀರಿತು. ಮನಸ್ಸು ಎಷ್ಟು ಹಗುರವಾಗಿದೆ ಅಂದರೆ, ನಾಲ್ಕು ಜನರ ಹತ್ತಿರ ಹೇಳಿಕೊಳ್ಳದೆ ಇರಲು ಆಗುತ್ತಿಲ್ಲ. ಹರಕೆ ನಮ್ಮ ಮನೆಯಲ್ಲಿ ಯಾರದ್ದೂ ಅಲ್ಲ, ಗೌರಿಯದು. ಗೌರಿ ನಮ್ಮ ಕೊಟ್ಟಿಗೆಯ ಹಸು.

2022ರಲ್ಲಿ ಚರ್ಮಗಂಟು ರೋಗ ಬಂದಿತ್ತಲ್ಲ, ದನ ಸಾಕಿದವರು ಯಾರೂ ಆ ವರ್ಷವನ್ನು ಮರೆಯುವುದಿಲ್ಲ. ಸೊಳ್ಳೆ, ನೊಣ, ಉಣ್ಣೆ ಕಚ್ಚಿ ಹರಡುವ ರೋಗ ಅದು. ಮೊದಲು ಜ್ವರ, ಆಮೇಲೆ ಮೈತುಂಬ ಗಂಟು. ಕಾಲು ಬಾತುಕೊಂಡು ದನ ನಿಲ್ಲಲಾರದು. ಹಾಲು ಇಳಿದೇ ಹೋಗುತ್ತದೆ. ಗೌರಿ ಮೇವು ಬಿಟ್ಟಳು, ನೀರನ್ನೂ ಬಿಟ್ಟಳು. ಪಶುವೈದ್ಯರು ಬಂದು ಇಂಜೆಕ್ಷನ್ ಕೊಟ್ಟು ಹೋದರು. ಅಮ್ಮ ವೀಳ್ಯದೆಲೆ, ಮೆಣಸು, ಉಪ್ಪು ಅರೆದು ಬೆಲ್ಲದಲ್ಲಿ ಕಲಸಿ ಅವಳ ನಾಲಗೆಗೆ ಸವರಿದಳು. ಕುಪ್ಪಿಗಿಡ, ಬೇವು, ತುಳಸಿ, ಬೆಳ್ಳುಳ್ಳಿ, ಅರಿಶಿನ ಎಲ್ಲ ಅರೆದು ಕೊಬ್ಬರಿ ಎಣ್ಣೆಯಲ್ಲಿ ಕಾಯಿಸಿ ಗಂಟುಗಳಿಗೆ ಹಚ್ಚಿದಳು. ರಾತ್ರಿ ಅರಿಶಿನದ ಬಟ್ಟೆಯಲ್ಲಿ ಒಂದು ಕಾಸು ಕಟ್ಟಿ ಕೊಟ್ಟಿಗೆಯ ಕಂಬಕ್ಕೆ ಬಿಗಿದಳು.

"ಅಪ್ಪಾ ಘಾಟಿ ಸ್ವಾಮಿ, ಇವಳು ಎದ್ದು ನಿಂತು ಇನ್ನೊಂದು ಸಲ ಈದರೆ ಸಾಕು. ಇವಳ ಹಾಲೇ ತಂದು ನಿನಗೆ ತನಿ ಎರೀತೀನಿ."

ಮೈಮೇಲೆ ಏಳುವ ರೋಗಕ್ಕೆಲ್ಲ ನಾಗಪ್ಪನನ್ನು ಬೇಡಿಕೊಳ್ಳುವುದು ನಮ್ಮ ಕಡೆಯ ನಂಬಿಕೆ. ಮನುಷ್ಯರ ಚರ್ಮ ಕಾಯುವವನು ದನದ ಚರ್ಮ ಕಾಯುವುದಿಲ್ವಾ?

ಹೀಗೆ ಬೇಡಿಕೊಳ್ಳುವುದನ್ನು ಅಮ್ಮ ಕಲಿತಿದ್ದು ಅತ್ತೆಯಿಂದ, ಅಂದರೆ ನಮ್ಮ ಅಜ್ಜಿಯಿಂದ. ಅಜ್ಜಿ ಒಂದು ಮಾತು ಹೇಳುತ್ತಿದ್ದಳು. "ಮೂಕಜೀವಕ್ಕೆ ಹರಕೆ ಕಟ್ಕೊಳ್ಳೋಕೆ ಬರಲ್ಲ ಕಣ್ ಮಗ. ಅದರ ಪರವಾಗಿ ಕೇಳೋರು ನಾವೇ." ಸಣ್ಣವರಿದ್ದಾಗ ಇದು ಸುಮ್ನೆ ಅಜ್ಜಿಯ ಮಾತು ಅನ್ನಿಸುತ್ತಿತ್ತು. ಈಗ ನನಗೆ ಗೊತ್ತಿರುವ ಭಕ್ತಿಯೆಲ್ಲ ಆ ಮಾತಿನಿಂದಲೇ ಹುಟ್ಟಿದ್ದು ಅನ್ನಿಸುತ್ತದೆ.

ದೊಡ್ಡಬಳ್ಳಾಪುರದ ಕಡೆಯ ಹಳ್ಳಿ ನಮ್ಮದು. ಮನೆಗಿಂತ ಕೊಟ್ಟಿಗೆ ದೊಡ್ಡದು. ಒಂದು ಕಡೆ ಹಳ್ಳಿಕಾರ್ ಎತ್ತುಗಳು, ಇನ್ನೊಂದು ಕಡೆ ನಾಟಿಹಸುಗಳು, ಆಮೇಲೆ ಬಂದ ಸೀಮೆಹಸುಗಳಿಗೆ ಪಕ್ಕದಲ್ಲಿ ಶೀಟಿನ ಮಾಡು. ಕೋಳಿ ಕೂಗುವ ಹೊತ್ತಿಗೆ ಅಜ್ಜಿ ಎದ್ದು, ಹಸುವಿನ ಹಿಂಭಾಗ ಮುಟ್ಟಿ ಕಣ್ಣಿಗೆ ಒತ್ತಿಕೊಂಡ ಮೇಲೇ ಬೇರೆ ಕೆಲಸ. ಅಮ್ಮ ಸಗಣಿ ಬಾಚುವಳು. ಅಪ್ಪ ಗೊಂತಿಗೆ ರಾಗಿಹುಲ್ಲು ಹಾಕುವನು. ನಾವು ಮಕ್ಕಳು ಕಲಗಚ್ಚಿಗೆ ಬೂಸಾ ಕಲಸಬೇಕು, ಕರು ಬಿಟ್ಟು ಹಿಡಿದುಕೊಳ್ಳಬೇಕು, ಹಾಲಿನ ಕ್ಯಾನು ಹೊತ್ತು ಡೈರಿಗೆ ಓಡಬೇಕು. ಅಷ್ಟಾದ ಮೇಲೆ ಸ್ಕೂಲು. ಯೂನಿಫಾರ್ಮಿಗೆ ಗಂಜಲದ ವಾಸನೆ ಹತ್ತಿರುತ್ತಿತ್ತು, ಅದಕ್ಕೆ ಯಾರೂ ನಾಚಿಕೊಳ್ಳುತ್ತಿರಲಿಲ್ಲ. ಪಕ್ಕದಲ್ಲಿ ಕೂತವನ ಮನೆಯಲ್ಲೂ ದನ ಇತ್ತು.

ಸೋಮವಾರ ಎತ್ತಿಗೆ ಆರು ಕಟ್ಟುವಂತಿಲ್ಲ. ಬಸವಣ್ಣನ ವಾರ. ಮಳೆ ಬಿದ್ದು ಹದ ಮೀರುತ್ತಿದ್ದರೂ ಅಪ್ಪ ನೇಗಿಲು ಮುಟ್ಟುತ್ತಿರಲಿಲ್ಲ. ಕರು ಕುಡಿಯದೆ ಹಾಲು ಕರೆಯುವಂತಿಲ್ಲ. ಈದ ಹಸುವಿನ ಹಾಲು ಹತ್ತು ದಿನ ಕಳೆಯುವವರೆಗೆ ದೇವರಿಗಿಲ್ಲ. ಗಿಣ್ಣು ಮಾತ್ರ ಬೀದಿಯ ಮನೆಮನೆಗೂ ಹೋಗಬೇಕು. ದನ ಮಾರಿದರೆ ಹಗ್ಗ ಕೊಡುವಂತಿಲ್ಲ, ಅದು ಮನೆಯ ಲಕ್ಷ್ಮಿ. ಇವನ್ನೆಲ್ಲ ಯಾರೂ ಕೂರಿಸಿಕೊಂಡು ಹೇಳಿಕೊಡಲಿಲ್ಲ. ಕೊಟ್ಟಿಗೆಯಲ್ಲಿ ಓಡಾಡುತ್ತಲೇ ಬಂದವು. ವ್ರತ, ನೇಮ ಅಂತ ದೊಡ್ಡ ಹೆಸರಿನಿಂದ ಈಗ ಹೇಳುವುದೆಲ್ಲ ನಮಗೆ ಬೆಳಗಿನ ಕೆಲಸವಾಗಿತ್ತು.

ಆ ದಿನಗಳಲ್ಲಿ ನನ್ನ ಮೈಗೆ ಅಂಟಿ ಉಳಿದಿರುವುದು ಒಂದೇ. ಹಸುವಿನ ನಾಲಗೆ. ಒಣಗಿದ ಹೀರೇಕಾಯಿ ನಾರಿನಿಂದ ಉಜ್ಜಿದ ಹಾಗೆ ಒರಟು. ಅಂಗೈಯಲ್ಲಿ ಬೆಲ್ಲ ಇಟ್ಟುಕೊಂಡು ಮುಂದೆ ಚಾಚಿದರೆ ಮೊದಲು ಬಿಸಿ ಉಸಿರು ಬರುತ್ತದೆ. ಆಮೇಲೆ ಒದ್ದೆ ಮೂಗು. ಆಮೇಲೆ ಆ ನಾಲಗೆ. ಬೆಲ್ಲ ಒಂದೇ ಎಳೆತಕ್ಕೆ ಹೋಗುತ್ತದೆ, ನೆಕ್ಕುವುದು ಮಾತ್ರ ನಿಲ್ಲುವುದಿಲ್ಲ. ಅಂಗೈ, ಬೆರಳ ಸಂದಿ, ಮಣಿಕಟ್ಟು, ಮೊಣಕೈವರೆಗೂ ಬರುತ್ತದೆ. ಚರ್ಮ ಕೆಂಪಗಾಗುತ್ತದೆ, ಉರಿಯುತ್ತದೆ, ಕೈ ಎಳೆದುಕೊಳ್ಳಲು ಮನಸ್ಸೇ ಬರುವುದಿಲ್ಲ. ಅಜ್ಜಿ ದಿನಾ ಸಂಜೆ ದೀಪ ಹಚ್ಚಿ ಬಂದು ಹೀಗೆ ಕೈ ಚಾಚಿ ನಿಲ್ಲುತ್ತಿದ್ದಳು. ಬಾಯಲ್ಲಿ ಒಂದು ಮಂತ್ರವೂ ಇಲ್ಲ. ಕಣ್ಣು ಮುಚ್ಚಿರುತ್ತಿತ್ತು. ದೊಡ್ಡ ದೊಡ್ಡ ದೇವಸ್ಥಾನಗಳಲ್ಲಿ ಸಾಲಿನಲ್ಲಿ ನಿಂತು ತೀರ್ಥ ತಗೊಂಡಿದ್ದೇನೆ. ಅಂಗೈ ಚಾಚಿದಾಗಲೆಲ್ಲ ನನಗೆ ಆ ಒರಟು ನಾಲಗೆಯೇ ನೆನಪಾಗುವುದು. ಇದು ತಪ್ಪು ಅಂತ ನನಗೆ ಒಂದು ದಿನವೂ ಅನ್ನಿಸಿಲ್ಲ. ಮುಕ್ಕೋಟಿ ದೇವತೆಗಳು ಅವಳ ಮೈಯಲ್ಲಿದ್ದಾರೆ ಅಂತ ಹೇಳುವವರು ನಾವೇ ಅಲ್ವಾ?

ಸಂಕ್ರಾಂತಿ ಬಂದರೆ ಅಜ್ಜಿಗೆ ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ. "ಯುಗಾದಿ ನಮ್ಮದು, ಸಂಕ್ರಾಂತಿ ದನಗಳದ್ದು. ಇವತ್ತು ನಾವು ನೆಂಟರು" ಅನ್ನುತ್ತಿದ್ದಳು. ಅವತ್ತು ಬೆಳಗಿನ ಹಾಲು ಪೂರ್ತಿ ಕರುಗಳಿಗೆ. ಕೆರೆಗೆ ಹೊಡೆದುಕೊಂಡು ಹೋಗಿ ಒಂದೊಂದನ್ನೇ ತಿಕ್ಕಿ ತೊಳೆಯುವುದು, ಕೊಂಬು ಹೆರೆದು ಬಣ್ಣ ಹಚ್ಚುವುದು. ಹಳ್ಳಿಕಾರ್ ಎತ್ತಿನ ಕೊಂಬು ಹಿಂದಕ್ಕೆ ಬಾಗಿ ನೀಳವಾಗಿ ಹೋಗುತ್ತದೆ. ಅದರ ತುದಿಗೆ ಹಿತ್ತಾಳೆ ಕೊಮ್ಮಣಸು ಏರಿಸಿ, ಕೊರಳಿಗೆ ಗೆಜ್ಜೆ ಕಟ್ಟಿ, ಬೆನ್ನಿಗೆ ಜೂಲು ಹಾಕಿದರೆ ದೃಷ್ಟಿ ತಾಗುತ್ತದೆ ಅಂತ ಅಜ್ಜಿ ಅಲ್ಲೇ ನಿವಾಳಿಸುತ್ತಿದ್ದಳು.

ಊರಾಚೆ ಕಾಟಮರಾಯನ ಪೂಜೆ. ನಮ್ಮ ಸೀಮೆಯವರಿಗೆ ಹೇಳಬೇಕಾಗಿಲ್ಲ, ದನ ಕಾಯುವ ದೇವರು. ವರ್ಷವೆಲ್ಲ ಅಲ್ಲಿ ಒಂದು ಮಣ್ಣಿನ ದಿಬ್ಬ ಬಿಟ್ಟರೆ ಏನೂ ಕಾಣುವುದಿಲ್ಲ. ಸಂಕ್ರಾಂತಿ ಬಂತು ಅಂದರೆ ಜೇಡಿಮಣ್ಣಿನಿಂದ ಹೊಸದಾಗಿ ಗುಡಿ ಎಬ್ಬಿಸಿ, ಸುಣ್ಣ ಬಳಿದು, ಅಣ್ಣೆಹೂವು ಏರಿಸುತ್ತಾರೆ. ಊರಿನ ದನವೆಲ್ಲ ಅಲ್ಲಿ ಸೇರುತ್ತದೆ. ಪೊಂಗಲು ಬೇಯಿಸಿ ಮೊದಲು ದೇವರಿಗೆ, ಆಮೇಲೆ ದನಕ್ಕೆ, ಕೊನೆಗೆ ನಮಗೆ. ಬೇಯಿಸಿದ ಅವರೆಕಾಯಿ, ಕಡಲೆಕಾಯಿ, ಗೆಣಸು ಮನೆಯಲ್ಲಿ ಘಮಘಮ ಅನ್ನುತ್ತಿದ್ದರೂ ದನ ಉಣ್ಣುವವರೆಗೆ ನಾವು ಬಾಯಿಗೆ ಹಾಕುವಂತಿಲ್ಲ. 2013ರಲ್ಲಿ ಕಾಲುಬಾಯಿ ಜ್ವರ ನಮ್ಮ ಕಡೆಯ ಕೊಟ್ಟಿಗೆಗಳನ್ನೆಲ್ಲ ಬರಿದು ಮಾಡುತ್ತಿದ್ದಾಗ, ಅಜ್ಜಿ ಆ ದಿಬ್ಬದ ಮುಂದೆ ಹೋಗಿ ಬಿಸಿಲಿನಲ್ಲಿ ಕೂತಿದ್ದಳು. ಕರೆದರೂ ಏಳಲಿಲ್ಲ. ಅದೇ ಅವಳ ಕೊನೆಯ ವರ್ಷಗಳು. ನಮ್ಮ ದನ ಉಳಿದವು. ಪಕ್ಕದ ಮನೆಯ ಹಸು ಸತ್ತಾಗ ಅಜ್ಜಿ ಅಲ್ಲಿಗೆ ಹೋಗಿ, ಮನೆಯವರಿಗಿಂತ ಜಾಸ್ತಿ ಅತ್ತಳು.

ಸಂಜೆ ಕಿಚ್ಚು. ಬೀದಿಗೆ ಅಡ್ಡವಾಗಿ ಹುಲ್ಲು ಹರಡಿ ಬೆಂಕಿ ಇಡುತ್ತಾರೆ. ತಮಟೆ ಬಡಿತ, ಕೇಕೆ, ಹೊಗೆ. ಹಗ್ಗ ಹಿಡಿದವರು ಓಡುತ್ತಾರೆ, ಎತ್ತುಗಳು ಉರಿಯ ಮೇಲೆ ಹಾರುತ್ತವೆ. ಉಣ್ಣೆ ಉದುರಲಿ ಅಂತ ಹೀಗೆ ಮಾಡುತ್ತಿದ್ದರು ಎಂದು ತಿಳಿದವರು ಹೇಳುತ್ತಾರೆ. ಇರಬಹುದು. ಅಜ್ಜಿಗೆ ಅದು ಬೇರೆ. ವರ್ಷದ ಕೆಟ್ಟದ್ದೆಲ್ಲ ಉರಿಯಲ್ಲಿ ಹೋಗಲಿ ಅಂತ ಅವಳು ಸೆರಗು ಒಡ್ಡಿ ನಿಂತಿರುತ್ತಿದ್ದಳು.

ಈಗ ಕಿಚ್ಚು ಹಾಯಿಸುವ ಮನೆಗಳು ಕಮ್ಮಿಯಾಗಿವೆ. ಉಳುವುದಕ್ಕೆ ಟ್ರ್ಯಾಕ್ಟರ್ ಬಂತು, ಎತ್ತು ಹೋಯಿತು. ಕೆಚ್ಚಲು ಭಾರದ ಸೀಮೆಹಸುವನ್ನು ಬೆಂಕಿ ಹಾರಿಸಲು ಆಗುವುದಿಲ್ಲ, ಹಾರಿಸಲೂಬಾರದು. ಅದು ಸರಿಯೇ. ನನಗೆ ಸಂಕಟವಾಗುವುದು ಬೇರೆ ವಿಷಯಕ್ಕೆ. ಎಷ್ಟೋ ಕಡೆ ಬಾಡಿಗೆಗೆ ಒಂದು ಜೋಡಿ ಎತ್ತು ತರಿಸಿ, ಮೊಬೈಲ್ ಹಿಡಿದುಕೊಂಡು ನಿಲ್ಲುತ್ತಾರೆ. ಆ ಎತ್ತಿಗೆ ಹೆಸರಿಲ್ಲ. ಅದು ಬೆಳಿಗ್ಗೆಯಿಂದ ನೀರು ಕುಡಿದಿದೆಯಾ ಅಂತ ಕೇಳುವವರಿಲ್ಲ. ಹಬ್ಬ ಯಾರದ್ದೋ ಅವರಿಗೇ ಊಟ ಇಲ್ಲ ಅಂದರೆ ಹೇಗೆ? ಹಸುವಿಗೆ ಕೈಮುಗಿಯುವ ನಾವು, ಪ್ಲಾಸ್ಟಿಕ್ ಚೀಲದಲ್ಲಿ ಅನ್ನ ಕಟ್ಟಿ ರಸ್ತೆಗೆ ಎಸೆಯುತ್ತೇವೆ. ಅದನ್ನು ಅವು ಚೀಲದ ಸಮೇತ ನುಂಗುತ್ತವೆ. ಸಿಟ್ಟಲ್ಲ, ಹೊಟ್ಟೆ ಉರಿಯುತ್ತದೆ.

ಘಾಟಿಗೆ ನಮ್ಮ ಮನೆಯ ನಂಟು ಹರಕೆಯೊಂದರಿಂದ ಬಂದದ್ದಲ್ಲ. ಪುಷ್ಯ ಮಾಸದ ರಥೋತ್ಸವಕ್ಕೆ ಮೊದಲು ಅಲ್ಲಿ ದನದ ಜಾತ್ರೆ ಕಟ್ಟುತ್ತದೆ. ದೂರದೂರಿನ ರೈತರು, ಆಂಧ್ರ, ತಮಿಳುನಾಡಿನವರು ಎತ್ತು ಹುಡುಕಿಕೊಂಡು ಬರುತ್ತಾರೆ. ಟವಲ್ಲಿನ ಅಡಿಯಲ್ಲಿ ಬೆರಳು ಹಿಡಿದು ವ್ಯಾಪಾರ, ಬಾಯಲ್ಲಿ ರೇಟು ಆಡುವುದಿಲ್ಲ. ಒಂದು ವರ್ಷ ಬರ ಬಂದು, ಅಪ್ಪ ನಮ್ಮ ಜೋಡಿ ಎತ್ತನ್ನು ಅಲ್ಲಿ ಮಾರಿ ಹಗ್ಗ ಮಾತ್ರ ತಂದ. ಅಜ್ಜಿ ಏನೂ ಕೇಳಲಿಲ್ಲ. ಹಗ್ಗ ತೊಳೆದು, ಅರಿಶಿನ ಹಚ್ಚಿ, ದೇವರ ಮೂಲೆಯಲ್ಲಿ ತೂಗುಹಾಕಿದಳು. "ಹೋದ ಕಡೆ ಹೊಟ್ಟೆ ತುಂಬ ಮೇವಿರಲಿ ಸ್ವಾಮಿ" ಅಂತ ಒಂದೇ ಬೇಡಿಕೆ. ಅವಳಿರುವವರೆಗೂ ಸೋಮವಾರ ಸೋಮವಾರ ಆ ಹಗ್ಗಕ್ಕೆ ಹೂವು ತಪ್ಪಲಿಲ್ಲ. ಮಾರಿದ ಎತ್ತುಗಳಿಗಾಗಿ ಅಷ್ಟು ವರ್ಷ ಬೇಡಿಕೊಂಡ ಬೇರೆ ಯಾರನ್ನೂ ನಾನು ಕಂಡಿಲ್ಲ.

ಗೌರಿ ಎದ್ದಳು. ಗಂಟು ಉದುರಿದ ಕಡೆ ಕಲೆ ಉಳಿದಿದೆ, ಕೂದಲು ಇನ್ನೂ ಸರಿಯಾಗಿ ಬಂದಿಲ್ಲ. ಗಬ್ಬ ನಿಲ್ಲುತ್ತಾಳೋ ಇಲ್ಲವೋ ಅಂತ ಕಾದು ಕಾದು ಸಾಕಾಗಿತ್ತು. ಸ್ವಾಮಿ ಕೈಬಿಡಲಿಲ್ಲ. ಹೆಣ್ಣುಕರು. ಹತ್ತು ದಿನ ಕಳೆಯಲಿ ಅಂತ ತಡೆದುಕೊಂಡಿದ್ದು ಅಮ್ಮನಿಗೆ ಹತ್ತು ವರ್ಷವಾಗಿರಬೇಕು. ಹಿತ್ತಾಳೆ ತಂಬಿಗೆಯಲ್ಲಿ ಗೌರಿಯ ಹಾಲು ತುಂಬಿ, ಬಾಯಿಗೆ ಬಾಳೆಎಲೆ ಕಟ್ಟಿ, ದಾರಿಯುದ್ದಕ್ಕೂ ಮಡಿಲಲ್ಲೇ ಇಟ್ಟುಕೊಂಡಿದ್ದಳು.

ಅರ್ಚನೆಗೆ ಹೆಸರು ಕೇಳಿದರು. ಅಮ್ಮ "ಗೌರಿ" ಅಂದಳು. ಗೋತ್ರ, ನಕ್ಷತ್ರ ಕೇಳಿದರು. ಅಮ್ಮ ಮೆಲ್ಲಗೆ "ಹಸು ಸ್ವಾಮಿ" ಅಂದಳು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಅರ್ಚಕರು ನಗಲಿಲ್ಲ. ತಲೆ ಆಡಿಸಿ, "ಗೌರಿ ನಾಮಧೇಯಸ್ಯ" ಅಂತ ಅದೇ ಗಂಭೀರ ಧ್ವನಿಯಲ್ಲಿ ಹೇಳಿ ಹೂವು ಏರಿಸಿದರು. ಅವರ ಕಾಲಿಗೆ ಬೀಳಬೇಕು ಅನ್ನಿಸಿತು. ಎದುರಿಗೆ ನಾಗರೂಪದ ಸುಬ್ರಹ್ಮಣ್ಯ, ಹಿಂದಿನ ಕನ್ನಡಿಯಲ್ಲಿ ಅದೇ ಶಿಲೆಯ ಲಕ್ಷ್ಮೀನರಸಿಂಹ. ಚಿಕ್ಕವಳಿದ್ದಾಗ ಅಜ್ಜಿ ನನ್ನನ್ನು ಎತ್ತಿ ಹಿಡಿದು, "ಮುಂದೆ ನೋಡಿದೆಯಲ್ಲ, ಈಗ ಕನ್ನಡೀಲಿ ನೋಡು" ಅನ್ನುತ್ತಿದ್ದಳು. ಆ ಕನ್ನಡಿ ನೋಡುವಾಗ ನನ್ನ ಕಣ್ಣು ತುಂಬಿ ಏನೂ ಕಾಣಲಿಲ್ಲ.

ಆಮೇಲೆ ನಾಗರಕಲ್ಲುಗಳ ಹತ್ತಿರ ಹೋಗಿ ಅಮ್ಮ ತನಿ ಎರೆದಳು. ಮೊದಲ ಧಾರೆ ಗೌರಿಗೆ. ಎರಡನೆಯದು ಆ ವರ್ಷ ಊರಿನಲ್ಲಿ ಸತ್ತ ದನಗಳಿಗೆ, ಒಂದೊಂದರ ಹೆಸರು ಹಿಡಿದು. ಅಷ್ಟು ಹೆಸರು ಅಮ್ಮನಿಗೆ ಬಾಯಿಪಾಠ ಇದೆ ಅಂತ ನನಗೆ ಅವತ್ತೇ ಗೊತ್ತಾಗಿದ್ದು.

ಊರಿನಲ್ಲಿ ಕಾಟಮರಾಯನ ಗುಡಿ ಎಬ್ಬಿಸುತ್ತಿದ್ದ ಹಿರಿಯರಿಗೆ ಈಗ ಬಗ್ಗಲು ಆಗುವುದಿಲ್ಲ. ಈ ಸಂಕ್ರಾಂತಿಗೆ ಆ ಕೆಲಸ ನಮ್ಮ ಮನೆಗೆ ಬಂದಿದೆ. ಅವರು ಪಕ್ಕದಲ್ಲಿ ಕೂತು ಹೇಳಿಕೊಡುತ್ತಾರೆ, ನಾನು, ಅಣ್ಣ, ಅಣ್ಣನ ಮಕ್ಕಳು ಮಣ್ಣು ಮೆಟ್ಟುತ್ತೇವೆ. ಕೆರೆಯಿಂದ ಜೇಡಿಮಣ್ಣು ಹೊಡೆಸಿ ಆಗಿದೆ, ಸುಣ್ಣ ನೆನೆಸಬೇಕು. ನಮ್ಮ ಕಡೆಯವರು ದನ ಇದ್ದರೆ ಹೊಡೆದುಕೊಂಡು ಬನ್ನಿ. ಇಲ್ಲದವರು ಒಂದು ಅಚ್ಚು ಬೆಲ್ಲ ತನ್ನಿ, ಗೌರಿಗೂ ಅವಳ ಕರುವಿಗೂ ನೀವೇ ತಿನ್ನಿಸುವಿರಂತೆ.